ಎಡಿಟರ್ ಹೊತ್ತ ಅಪವಾದ: ಕ್ಲೋಜರ್ ಮತ್ತು ಕ್ಲಾಸ್‌ಪಾತ್

ಲಿಸ್ಪ್ ಕುಲದ ಭಾಷೆಯಾದ ಕ್ಲೋಜರ್ ಕಲಿಯಲು ಹೊರಟವರು ಮೊದಲು ಕೇಳುವುದು ‘ಯಾವ ಎಡಿಟರ್ ಹಾಕಿಕೊಳ್ಳಲಿ?’ ಎಂದು. ಉತ್ತರ ಹೇಳುವವರಿಗೂ ಈ ಪ್ರಶ್ನೆ ಕಂಡರೆ ವಿಪರೀತ ಹುರುಪು. ಈಮ್ಯಾಕ್ಸ್ ಇಲ್ಲದೆ ಲಿಸ್ಪ್ ಬರೆಯುವುದೇ ಅಪಚಾರ ಎಂಬಂತೆ ಒಬ್ಬರು ಮಾತಾಡುತ್ತಾರೆ. ವಿಎಸ್ ಕೋಡ್ ಧಾರಾಳವಾಯಿತು ಎನ್ನುತ್ತಾರೆ ಇನ್ನೊಬ್ಬರು. ಇಂಟೆಲಿಜೆ ಬಿಟ್ಟು ಬರಲೊಲ್ಲದ ಜಾವಾದವರದು ಮೂರನೆಯ ಪಂಗಡ. ಹೊಸಬರು ಯಾರದೋ ಮಾತು ನಂಬಿ ಒಂದನ್ನು ಹಾಕಿಕೊಳ್ಳುತ್ತಾರೆ, ಬಣ್ಣ ಬದಲಿಸುತ್ತಾರೆ, ಒಂದೊಂದು ಜೋಡಿ ಆವರಣವೂ ಒಂದೊಂದು ಬಣ್ಣದಲ್ಲಿ ಹೊಳೆಯುವಂತೆ ಮಾಡಿಕೊಳ್ಳುತ್ತಾರೆ. ಆಮೇಲೆ ತಾವೇ ಬರೆದ ಎರಡನೆಯ ಫೈಲನ್ನು ಮೊದಲನೆಯದರಿಂದ ಕರೆಯಲು ಹೋದಾಗ ‘ಕುಡ್ ನಾಟ್ ಲೊಕೇಟ್’ ಎಂದು ಶುರುವಾಗುವ ಉದ್ದನೆಯ ಸಾಲೊಂದು ಎದುರಾಗುತ್ತದೆ. ಈ ಎಡಿಟರ್ ಸರಿಯಿಲ್ಲ ಎಂದು ಇನ್ನೊಂದಕ್ಕೆ ಹೋಗುತ್ತಾರೆ. ಅಲ್ಲೂ ಅದೇ ಸಾಲು.

ಆ ಸಾಲನ್ನು ಬಿಡದೆ ಮುಂದಕ್ಕೆ ಓದಿದರೆ ‘ಆನ್ ಕ್ಲಾಸ್‌ಪಾತ್’ ಎಂಬ ಮಾತು ಸಿಗುತ್ತದೆ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ಗಂಟು ಇರುವುದು ಅಲ್ಲಿ. ಎಡಿಟರ್ ಕೈಕೊಟ್ಟಿತು ಎಂದು ಹೊಸಬರು ಹೇಳಿಕೊಳ್ಳುವ ತೊಂದರೆಗಳಲ್ಲಿ ಹೆಚ್ಚಿನವು ಕ್ಲಾಸ್‌ಪಾತ್‌ನವು, ಅಂದರೆ ಕೋಡನ್ನು ಎಲ್ಲೆಲ್ಲಿ ಹುಡುಕಬೇಕೆಂದು ಜಾವಾಕ್ಕೆ ಹೇಳುವ ಪಟ್ಟಿಯವು. ಕ್ಲೋಜರ್ ಸಲಕರಣೆಗಳ ಚರಿತ್ರೆ ಮೇಲ್ನೋಟಕ್ಕೆ ಒಂದಾದ ಮೇಲೊಂದು ಬಂದ ಎಡಿಟರ್‌ಗಳ ಸಾಲಿನಂತೆ ಕಾಣುತ್ತದೆ. ಒಳಗೆ ನಡೆದದ್ದು ಒಂದೇ ಕೆಲಸ: ಕ್ಲಾಸ್‌ಪಾತ್‌ನ ಉಸಾಬರಿಯನ್ನು ಎಡಿಟರ್‌ನ ತಲೆಯಿಂದ ಇಳಿಸಿ ಪ್ರಾಜೆಕ್ಟಿನ ಫೈಲಿಗೆ ಒಪ್ಪಿಸುವುದು.

ಲಿಸ್ಪ್‌ನವರು ಎಡಿಟರ್ ವಿಷಯದಲ್ಲಿ ಇಷ್ಟು ಹಟಮಾರಿಗಳಾಗಲು ಕಾರಣವಿಲ್ಲದಿಲ್ಲ. ಜಾನ್ ಮೆಕಾರ್ಥಿ ಎಂಐಟಿಯಲ್ಲಿ 1958ರಲ್ಲಿ ಲಿಸ್ಪ್ ಕೆಲಸ ಶುರು ಮಾಡಿದರು. ಪ್ರಸಿದ್ಧ ಪ್ರಬಂಧ ಪ್ರಕಟವಾದದ್ದು 1960ರಲ್ಲಿ. ಅವರು ಸಿದ್ಧಾಂತಕ್ಕೆಂದು ಕಾಗದದ ಮೇಲೆ ಬರೆದಿದ್ದ ‘ಇವ್ಯಾಲ್’ ಎಂಬ ಫಂಕ್ಷನ್ನನ್ನು ಸ್ಟೀವ್ ರಸೆಲ್ ಐಬಿಎಂ 704 ಯಂತ್ರದ ಮೇಲೆ ನಿಜವಾಗಿಯೂ ಓಡಿಸಿ ತೋರಿಸಿದರು. ಒಂದು ಸೂತ್ರ ಕೊಟ್ಟರೆ ಓದಿ, ಲೆಕ್ಕ ಹಾಕಿ, ಉತ್ತರ ಬರೆದು, ಮುಂದಿನದಕ್ಕೆ ಕಾಯುವ ರೆಪ್ಲ್ ಈ ದಾರಿಯಲ್ಲಿ ಬಂದದ್ದು. ಲಿಸ್ಪ್ ಬರೆಯುವವರು ಇಡೀ ಪ್ರೋಗ್ರಾಂ ಬರೆದು ಮುಗಿಸಿ ಆಮೇಲೆ ಓಡಿಸುವುದು ಕಡಿಮೆ. ಓಡುತ್ತಿರುವ ಪ್ರೋಗ್ರಾಮಿಗೇ ಒಂದೊಂದು ಫಂಕ್ಷನ್ ಕಳಿಸಿ, ಉತ್ತರ ನೋಡಿ, ತಿದ್ದಿ, ಮತ್ತೆ ಕಳಿಸುತ್ತಾರೆ. ಹೀಗೆ ಕೆಲಸ ಮಾಡುವವರಿಗೆ ಎಡಿಟರ್ ಎಂದರೆ ಅಕ್ಷರ ಕೂಡಿಸುವ ಜಾಗ ಮಾತ್ರವಲ್ಲ, ಇನ್ನೊಂದು ತುದಿಯಲ್ಲಿ ಜೀವಂತವಾಗಿರುವ ಪ್ರೋಗ್ರಾಮಿನ ಜೊತೆ ಮಾತಾಡುವ ಸಾಧನ.

ಈಮ್ಯಾಕ್ಸ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. 1976ರಲ್ಲಿ ಎಂಐಟಿಯಲ್ಲಿ ಟೆಕೋ ಎಂಬ ಎಡಿಟರ್‌ನ ಮ್ಯಾಕ್ರೋಗಳಾಗಿ ಶುರುವಾಗಿ, 80ರ ದಶಕದಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರ ಗ್ನೂ ಈಮ್ಯಾಕ್ಸ್ ಆಗಿ ಬಂದಾಗ ಅದರ ಹೊಟ್ಟೆಯಲ್ಲೇ ಒಂದು ಲಿಸ್ಪ್ ಇತ್ತು. 2003ರ ಸುಮಾರಿಗೆ ಕಾಮನ್ ಲಿಸ್ಪ್‌ಗೆಂದು ಸ್ಲೈಮ್ ಬಂತು. ಈಮ್ಯಾಕ್ಸ್ ಒಳಗೊಂದು ತುಂಡು, ಲಿಸ್ಪ್ ಪ್ರಕ್ರಿಯೆಯ ಒಳಗೆ ಸ್ವ್ಯಾಂಕ್ ಎಂಬ ಇನ್ನೊಂದು ತುಂಡು, ನಡುವೆ ಸಾಕೆಟ್. ಈ ಎರಡು ತುಂಡಿನ ಏರ್ಪಾಡು ನೆನಪಿಟ್ಟುಕೊಳ್ಳುವಂಥದ್ದು. ಇವತ್ತಿಗೂ ಕ್ಲೋಜರ್‌ನ ಬಹುತೇಕ ಎಡಿಟರ್‌ಗಳ ಒಳಗಿರುವುದು ಇದೇ.

ರಿಚ್ ಹಿಕಿ 2007ರ ಅಕ್ಟೋಬರ್‌ನಲ್ಲಿ ಕ್ಲೋಜರನ್ನು ಹೊರತಂದರು. ಅವರು ಹೊಸ ಲಿಸ್ಪ್‌ಗೆ ಹೊಸ ಯಂತ್ರ ಕಟ್ಟುವ ಗೊಡವೆಗೆ ಹೋಗದೆ ಅದನ್ನು ಜಾವಾದ ಯಂತ್ರವಾದ ಜೆವಿಎಂ ಮೇಲೆ ಕೂರಿಸಿದರು. ಜಾವಾದ ಲೈಬ್ರರಿಗಳೆಲ್ಲ ಪುಕ್ಕಟೆ ಸಿಕ್ಕವು. ಅವುಗಳ ಬೆನ್ನಿಗೇ ಕ್ಲಾಸ್‌ಪಾತ್ ಕೂಡ ಬಂತು. ಕಾಮನ್ ಲಿಸ್ಪ್‌ನಿಂದ ಬಂದವರಿಗೆ ಇದು ಅಪರಿಚಿತ ಪ್ರಾಣಿ. ಜಾವಾದಿಂದ ಬಂದವರಿಗೆ ಪರಿಚಯವಿತ್ತು, ಆದರೆ ಎಕ್ಲಿಪ್ಸ್ ಮತ್ತು ಮೇವನ್ ಅದನ್ನು ಅವರ ಕಣ್ಣಿಂದ ಮರೆಮಾಡಿ ವರ್ಷಗಳಾಗಿದ್ದವು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಜಾವಾ ಲ್ಯಾಬ್‌ನಲ್ಲಿ ಕಲಿತ ಎಷ್ಟೋ ಜನರಿಗೆ ಕ್ಲಾಸ್‌ಪಾತ್ ಎಂದರೆ ವಿಂಡೋಸ್‌ನ ಎನ್ವಿರಾನ್ಮೆಂಟ್ ವೇರಿಯಬಲ್ ಪೆಟ್ಟಿಗೆಯಲ್ಲಿ ಯಾರೋ ಹೇಳಿದ್ದನ್ನು ಕಣ್ಣುಮುಚ್ಚಿ ಅಂಟಿಸಿದ ಒಂದು ಸಾಲು, ಅಷ್ಟೇ.

ವಿಷಯ ನಿಜಕ್ಕೂ ಸರಳ. ಜೆವಿಎಂಗೆ ಒಂದು ಕ್ಲಾಸ್ ಬೇಕಾದಾಗ ಅದು ಇಡೀ ಡಿಸ್ಕ್ ಹುಡುಕುವುದಿಲ್ಲ. ಶುರುವಾಗುವಾಗ ಕೊಟ್ಟ ಪಟ್ಟಿಯಲ್ಲಿರುವ ಫೋಲ್ಡರ್‌ಗಳನ್ನೂ ಜಾರ್ ಫೈಲ್‌ಗಳನ್ನೂ ಬರೆದ ಕ್ರಮದಲ್ಲೇ ನೋಡುತ್ತ ಹೋಗುತ್ತದೆ. ಊರಿಗೆ ಬಂದ ನೆಂಟ ಮೊದಲು ಬಾಗಿಲು ತೆಗೆದ ಮನೆಯಲ್ಲೇ ಊಟಕ್ಕೆ ಕೂತುಬಿಟ್ಟಂತೆ, ಮೊದಲು ಸಿಕ್ಕಿದ್ದೇ ಖಾಯಂ. ಅದೇ ಹೆಸರಿನದು ಮುಂದೆ ಇನ್ನೊಂದಿದ್ದರೂ ಅತ್ತ ತಿರುಗಿ ನೋಡುವುದಿಲ್ಲ. ಕ್ಲೋಜರ್‌ನ ಮೂಲ ಫೈಲುಗಳೂ, ಸಂರಚನೆಯ ಕಡತಗಳೂ, ಚಿತ್ರಗಳೂ ಸಿಗುವುದು ಇದೇ ಪಟ್ಟಿಯಿಂದ.

ತೊಡಕಿರುವುದು ಪಟ್ಟಿ ಕೊಡುವ ಬಗೆಯಲ್ಲಿ. ಪಟ್ಟಿಯ ಹೆಸರುಗಳ ನಡುವೆ ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಕೋಲನ್, ವಿಂಡೋಸ್‌ನಲ್ಲಿ ಸೆಮಿಕೋಲನ್. ವಿಂಡೋಸ್ ಮೇಲೆ ಗಿಟ್ ಬ್ಯಾಶ್ ತೆರೆದು ಯೂನಿಕ್ಸ್‌ನಲ್ಲಿದ್ದೇನೆಂದು ಭ್ರಮಿಸಿದರೂ ಓಡುವುದು ವಿಂಡೋಸ್‌ನ ಜಾವಾ ಆದ್ದರಿಂದ ಸೆಮಿಕೋಲನ್ನೇ ಬೇಕು, ಅದನ್ನು ಉದ್ಧರಣ ಚಿಹ್ನೆಯೊಳಗೂ ಇಡಬೇಕು. ಏನನ್ನೂ ಕೊಡದಿದ್ದರೆ ಈಗಿರುವ ಫೋಲ್ಡರೇ ಕ್ಲಾಸ್‌ಪಾತ್. ಆದರೆ ಕ್ಲಾಸ್‌ಪಾತ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ ಎಲ್ಲೋ ಇದ್ದರೆ ಈಗಿರುವ ಫೋಲ್ಡರ್ ಪಟ್ಟಿಯಿಂದ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಆದೇಶದಲ್ಲೇ ‘ಹೈಫನ್ ಸಿಪಿ’ ಎಂದು ಪಟ್ಟಿ ಕೊಟ್ಟರೆ ಆ ವೇರಿಯಬಲ್ಲಿಗೂ ಬೆಲೆಯಿಲ್ಲ. ‘ಹೈಫನ್ ಜಾರ್’ ಎಂದು ಓಡಿಸಿದರೆ ಈ ಎರಡಕ್ಕೂ ಬೆಲೆಯಿಲ್ಲ, ಜಾರ್ ಹೇಳಿದ್ದೇ ವೇದ. ಕಾಲೇಜು ಲ್ಯಾಬ್‌ನ ಆ ಸಾಲನ್ನು ಅಂಟಿಸಿಕೊಂಡು ಬಂದವರು ಮೊದಲು ಮಾಡಬೇಕಾದ್ದು ಅದನ್ನು ಅಳಿಸುವುದು. ಒಂದೇ ಪಟ್ಟಿ ಎಲ್ಲ ಪ್ರಾಜೆಕ್ಟಿಗೂ ಹೊಂದುವುದಿಲ್ಲ.

ಜಾವಾ 6ರಿಂದ ಪಟ್ಟಿಯಲ್ಲಿ ಫೋಲ್ಡರಿನ ಹೆಸರಿನ ಮುಂದೆ ನಕ್ಷತ್ರ ಹಾಕಿದರೆ ಅದರಲ್ಲಿರುವ ಜಾರ್‌ಗಳೆಲ್ಲ ಸೇರುತ್ತವೆ. ಇಲ್ಲೂ ಒಂದು ಗುಂಡಿಯಿದೆ. ನಕ್ಷತ್ರವನ್ನು ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ ಜಾವಾ ನೋಡುವ ಮೊದಲೇ ಶೆಲ್ ಅದನ್ನು ಬಿಡಿಸಿ ಜಾರ್‌ಗಳ ಹೆಸರುಗಳನ್ನು ಖಾಲಿ ಜಾಗ ಬಿಟ್ಟು ಸಾಲಾಗಿ ಇಟ್ಟುಬಿಡುತ್ತದೆ. ಜಾವಾ ಮೊದಲನೆಯ ಜಾರನ್ನು ಕ್ಲಾಸ್‌ಪಾತ್ ಎಂದೂ ಎರಡನೆಯದನ್ನು ಓಡಿಸಬೇಕಾದ ಮುಖ್ಯ ಕ್ಲಾಸ್‌ನ ಹೆಸರೆಂದೂ ತಿಳಿದು, ಅಂಥ ಕ್ಲಾಸೇ ಇಲ್ಲ ಎಂದು ಗೊಣಗುತ್ತದೆ.

ಕ್ಲೋಜರ್‌ನ ಮೊದಲ ವರ್ಷಗಳಲ್ಲಿ ಇದನ್ನೆಲ್ಲ ಪ್ರತಿಯೊಬ್ಬರೂ ಕೈಯಾರೆ ಮಾಡಿಕೊಳ್ಳಬೇಕಿತ್ತು. ಕ್ಲೋಜರ್ ಎಂದರೆ ಒಂದು ಜಾರ್, ಜೊತೆಗೆ ಕಾಂಟ್ರಿಬ್ ಎಂಬ ಇನ್ನೊಂದು. ಇವೆರಡರ ದಾರಿಗಳನ್ನು ಪ್ರತಿಯೊಬ್ಬರೂ ತಮ್ಮ ಈಮ್ಯಾಕ್ಸ್ ಸಂರಚನೆಯ ಫೈಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಸ್ಲೈಮ್‌ನ ಇನ್ನೊಂದು ತುದಿಯಾಗಿ ಸ್ವ್ಯಾಂಕ್-ಕ್ಲೋಜರ್ ಬಂದಿತ್ತು. ಅದಕ್ಕೂ ಕ್ಲಾಸ್‌ಪಾತ್ ಹೇಳಿಕೊಡಬೇಕಿದ್ದದ್ದು ಈಮ್ಯಾಕ್ಸ್ ಲಿಸ್ಪ್‌ನ ಒಂದು ವೇರಿಯಬಲ್ ಮೂಲಕ. ಅಂದರೆ ಕ್ಲೋಜರ್ ಪ್ರೋಗ್ರಾಂ ಯಾವ ಲೈಬ್ರರಿ ಬಳಸುತ್ತದೆ ಎಂಬುದು ಪ್ರೋಗ್ರಾಮಿನಲ್ಲಿ ಎಲ್ಲೂ ಇಲ್ಲ, ಬರೆದವರ ಎಡಿಟರ್‌ನಲ್ಲಿದೆ! ಗೆಳೆಯರಿಗೆ ಕೋಡ್ ಕೊಟ್ಟರೆ ಅವರಲ್ಲಿ ಓಡುವುದಿಲ್ಲ. ಪ್ರಾಜೆಕ್ಟ್ ಬದಲಿಸಿದರೆ ಎಡಿಟರ್ ಸಂರಚನೆ ತಿದ್ದಬೇಕು. ಆ ಕಾಲದ ಮಾರ್ಗದರ್ಶಿಗಳೆಲ್ಲ ಪುಟಗಟ್ಟಲೆ ಈಮ್ಯಾಕ್ಸ್ ಲಿಸ್ಪ್ ಆಗಿರುತ್ತಿದ್ದುದಕ್ಕೆ ಇದೇ ಕಾರಣ. ಕ್ಲೋಜರ್ ಕಲಿಯಲು ಮೊದಲು ಈಮ್ಯಾಕ್ಸ್ ಕಲಿಯಬೇಕು ಎಂಬ ಹೆದರಿಕೆ ಹುಟ್ಟಿದ್ದೂ ಅಲ್ಲಿಂದಲೇ. ವಿಚಿತ್ರವೆಂದರೆ ಈಮ್ಯಾಕ್ಸ್‌ಗೂ ತನ್ನದೇ ಕ್ಲಾಸ್‌ಪಾತ್ ಇದೆ, ಲೋಡ್-ಪಾತ್ ಎಂದು ಅದರ ಹೆಸರು. ಅದೂ ಫೋಲ್ಡರ್‌ಗಳ ಪಟ್ಟಿಯೇ, ಅಲ್ಲೂ ಮೊದಲು ಸಿಕ್ಕಿದ್ದೇ ಗೆಲ್ಲುತ್ತದೆ. ಪಾಪ, ಹೊಸಬರು ಒಂದೇ ಸಮಸ್ಯೆಯನ್ನು ಎರಡು ಭಾಷೆಗಳಲ್ಲಿ ಒಟ್ಟಿಗೆ ಬಿಡಿಸಬೇಕಿತ್ತು.

ತಿರುವು ಬಂದದ್ದು 2009ರಲ್ಲಿ. ಆ ಮೇ ತಿಂಗಳಲ್ಲಿ ಕ್ಲೋಜರ್ 1.0 ಹೊರಬಂತು, ವರ್ಷ ಮುಗಿಯುವಷ್ಟರಲ್ಲಿ ಫಿಲ್ ಹೇಗಲ್‌ಬರ್ಗ್ ಬರೆದ ಲೈನಿಂಗೆನ್ ಬಂತು. ಜಾವಾದವರ ಆಗಿನ ಪ್ರಸಿದ್ಧ ಸಲಕರಣೆಯ ಹೆಸರು ಆ್ಯಂಟ್, ಅಂದರೆ ಇರುವೆ. ಕಾರ್ಲ್ ಸ್ಟೀಫನ್‌ಸನ್ ಅವರ ಹಳೆಯ ಕಥೆಯೊಂದರಲ್ಲಿ ಇರುವೆಗಳ ದಂಡಿನ ವಿರುದ್ಧ ಹೋರಾಡುವ ತೋಟದ ಯಜಮಾನನ ಹೆಸರು ಲೈನಿಂಗೆನ್. ತಮಾಷೆ ಅಲ್ಲಿಗೆ ನಿಂತಿತು, ಕೆಲಸ ಮಾತ್ರ ಗಂಭೀರವಾದದ್ದು. ಪ್ರಾಜೆಕ್ಟ್.ಸಿಎಲ್‌ಜೆ ಎಂಬ ಒಂದು ಫೈಲ್, ಅದೂ ಕ್ಲೋಜರ್‌ನಲ್ಲೇ. ಅದರಲ್ಲಿ ಯಾವ ಲೈಬ್ರರಿಯ ಯಾವ ಆವೃತ್ತಿ ಬೇಕು ಎಂದು ಬರೆದರೆ ಲೈನಿಂಗೆನ್ ಅವುಗಳನ್ನು ತಂದು, ಅವುಗಳಿಗೆ ಬೇಕಾದವನ್ನೂ ತಂದು, ಕ್ಲಾಸ್‌ಪಾತ್ ತಾನೇ ಕಟ್ಟಿ ಜೆವಿಎಂ ಎಬ್ಬಿಸುತ್ತದೆ. ಮೇವನ್‌ನ ಗೋದಾಮುಗಳನ್ನೇ ಅದು ಬಳಸಿತು. ಕ್ಲೋಜರ್‌ನವರೇ ಲೈಬ್ರರಿ ಏರಿಸಲು ಅದೇ ಹೊತ್ತಿಗೆ ಕ್ಲೋಜಾರ್ಸ್ ಶುರುವಾಯಿತು. ಕ್ಲಾಸ್‌ಪಾತ್ ಎಡಿಟರ್ ಬಿಟ್ಟು ಪ್ರಾಜೆಕ್ಟಿನೊಳಕ್ಕೆ ಬಂದದ್ದು ಹೀಗೆ. ಕ್ಲೋಜರ್‌ನ ಸಲಕರಣೆಗಳಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಮಾಡಿದ್ದು ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ. ಎಡಿಟರ್‌ಗಳಿಗೆ ಸಿಕ್ಕಷ್ಟು ಪ್ರಚಾರ ಅದಕ್ಕೆ ಸಿಗಲಿಲ್ಲ.

ಇನ್ನೊಂದು ತುದಿಯ ಕೆಲಸವನ್ನು ಚಾಸ್ ಎಮೆರಿಕ್ 2010ರಲ್ಲಿ ಎನ್‌ರೆಪ್ಲ್ ಮೂಲಕ ಮಾಡಿದರು. ಸ್ವ್ಯಾಂಕ್ ಈಮ್ಯಾಕ್ಸ್‌ನ ಮಾತನ್ನಷ್ಟೇ ಆಡುತ್ತಿತ್ತು. ಎನ್‌ರೆಪ್ಲ್ ಯಾವ ಎಡಿಟರ್ ಬೇಕಾದರೂ ಆಡಬಹುದಾದ ಸರಳ ಸಂದೇಶಗಳ ಒಪ್ಪಂದ. ಅದು ಬಂದ ಮೇಲೆ ಈಮ್ಯಾಕ್ಸ್‌ಗೆ ಎನ್‌ರೆಪ್ಲ್.ಇಎಲ್ ಎಂಬ ಪ್ಯಾಕೇಜ್ 2012ರಲ್ಲಿ ಹುಟ್ಟಿ ಮರುವರ್ಷ ಸೈಡರ್ ಎಂದು ಹೆಸರು ಬದಲಿಸಿಕೊಂಡಿತು. ಬೊಝಿದಾರ್ ಬತ್ಸೊವ್ ಅದನ್ನು ಬೆಳೆಸಿದರು. ವಿಮ್‌ಗೆ ಟಿಮ್ ಪೋಪ್ ಅವರ ಫೈರ್‌ಪ್ಲೇಸ್, ನಿಯೋವಿಮ್‌ಗೆ ಕಾಂಜರ್, ವಿಎಸ್ ಕೋಡ್‌ಗೆ ಕಾಲ್ವಾ, ಎಲ್ಲವೂ ಅದೇ ಒಪ್ಪಂದದ ಮೇಲೆ ನಿಂತವು. ಇಂಟೆಲಿಜೆಯ ಕರ್ಸಿವ್ ಸ್ವಲ್ಪ ಬೇರೆ ಜಾತಿ: ರೆಪ್ಲ್ ಓಡದಿದ್ದರೂ ಕೋಡನ್ನು ಓದಿಯೇ ಹೆಸರುಗಳನ್ನು ಪತ್ತೆ ಹಚ್ಚುತ್ತದೆ, ಜಾವಾ ಮತ್ತು ಕ್ಲೋಜರ್ ಬೆರೆತ ದೊಡ್ಡ ಪ್ರಾಜೆಕ್ಟಿನಲ್ಲಿ ಅದಕ್ಕೆ ಸಾಟಿಯಿಲ್ಲ. 2012ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಮೂರು ಲಕ್ಷ ಡಾಲರ್‌ಗೂ ಮೀರಿ ಎತ್ತಿದ ಲೈಟ್ ಟೇಬಲ್ ಎಂಬ ಎಡಿಟರ್ ಎಲ್ಲರ ಕಣ್ಣು ಕೋರೈಸಿತ್ತು. ಅದು ಈಗ ನೆನಪಾಗಿ ಉಳಿದಿದೆ.

ಎರಡು ತುಂಡಿನ ಈ ಏರ್ಪಾಡು ಚೆನ್ನಾಗಿ ಓಡುವಾಗ ಕ್ಲಾಸ್‌ಪಾತ್ ಕಣ್ಣಿಗೇ ಬೀಳುವುದಿಲ್ಲ. ಗೊಂದಲಕ್ಕೆ ಕಾರಣವಾಗುವುದೂ ಅದೇ. ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ‘ಗ್ರಂಥ-ಸೂಚಿ.ಮುಖ್ಯ’ ಎಂಬ ನೇಮ್‌ಸ್ಪೇಸ್ ಇದೆ ಎಂದಿಟ್ಟುಕೊಳ್ಳಿ. (ಹೆಸರನ್ನು ಹೀಗೆ ಕನ್ನಡ ಅಕ್ಷರದಲ್ಲೇ ಬರೆದರೂ ಕ್ಲೋಜರ್ ತಕರಾರು ಮಾಡುವುದಿಲ್ಲ.) ಇದನ್ನು ಕೇಳಿದಾಗ ಕ್ಲೋಜರ್ ಚುಕ್ಕೆ ಇದ್ದಲ್ಲಿ ಫೋಲ್ಡರ್ ಒಡೆಯುತ್ತದೆ, ಕಿರುಗೆರೆ ಇದ್ದಲ್ಲಿ ಅಡಿಗೆರೆ ಹಾಕಿಕೊಳ್ಳುತ್ತದೆ, ಏಕೆಂದರೆ ಜಾವಾದ ಪ್ಯಾಕೇಜ್ ಹೆಸರುಗಳಲ್ಲಿ ಕಿರುಗೆರೆಗೆ ಜಾಗವಿಲ್ಲ. ಹಾಗಾಗಿ ಕ್ಲಾಸ್‌ಪಾತ್‌ನ ಪ್ರತಿ ಫೋಲ್ಡರಿನಲ್ಲೂ ಅದು ಹುಡುಕುವುದು ‘ಗ್ರಂಥ_ಸೂಚಿ’ ಎಂಬ ಫೋಲ್ಡರಿನೊಳಗೆ ‘ಮುಖ್ಯ’ ಎಂಬ ಫೈಲನ್ನು. ಹೊಸಬರು ಫೋಲ್ಡರಿಗೂ ಕಿರುಗೆರೆಯನ್ನೇ ಹಾಕಿರುತ್ತಾರೆ. ಎಡಿಟರ್‌ನಲ್ಲಿ ಆ ಫೈಲ್ ತೆರೆದು, ಈಮ್ಯಾಕ್ಸ್ ಆದರೆ ಕಂಟ್ರೋಲ್-ಸಿ ಕಂಟ್ರೋಲ್-ಕೆ ಒತ್ತಿದರೆ ಸಲೀಸಾಗಿ ಲೋಡ್ ಆಗುತ್ತದೆ! ಏಕೆಂದರೆ ಎಡಿಟರ್ ಫೈಲಿನ ಒಳಗಿರುವ ಅಕ್ಷರಗಳನ್ನೇ ಸಾಕೆಟ್ ಮೂಲಕ ಕಳಿಸಿಬಿಟ್ಟಿತು, ಕ್ಲಾಸ್‌ಪಾತ್ ಹುಡುಕುವ ಪ್ರಮೇಯವೇ ಬರಲಿಲ್ಲ. ಆ ರೆಪ್ಲ್ ಬದುಕಿರುವವರೆಗೆ ಇನ್ನೊಂದು ಫೈಲಿನಿಂದ ಕರೆದರೂ ನಡೆಯುತ್ತದೆ, ನೇಮ್‌ಸ್ಪೇಸ್ ಅದಾಗಲೇ ನೆನಪಿನಲ್ಲಿ ಕೂತಿರುತ್ತದೆ. ಮರುದಿನ ಬೆಳಿಗ್ಗೆ ರೆಪ್ಲ್ ಹೊಸದಾಗಿ ಎಬ್ಬಿಸಿ ಎರಡನೆಯ ಫೈಲನ್ನು ಮೊದಲು ಲೋಡ್ ಮಾಡಿದರೆ ‘ಕುಡ್ ನಾಟ್ ಲೊಕೇಟ್’. ‘ನಿನ್ನೆ ಓಡುತ್ತಿತ್ತು, ನಾನೇನೂ ಬದಲಿಸಿಲ್ಲ!’ ಈಚಿನ ಆವೃತ್ತಿಗಳು ಆ ದೂರಿನ ಬಾಲಕ್ಕೆ ಕಿರುಗೆರೆಯಿರುವ ಹೆಸರುಗಳ ಫೈಲಿನಲ್ಲಿ ಅಡಿಗೆರೆ ಇದೆಯೇ ನೋಡಿ ಎಂಬ ಸಲಹೆಯನ್ನೂ ಸೇರಿಸಿವೆ. ಬಾಲದವರೆಗೆ ಓದುವವರು ಕಡಿಮೆ.

ಇಂಥದೇ ಇನ್ನೊಂದು: ಪ್ರಾಜೆಕ್ಟಿನ ಫೈಲಿನಲ್ಲಿ ಹೊಸ ಲೈಬ್ರರಿಯ ಹೆಸರು ಸೇರಿಸಿ, ಓಡುತ್ತಿರುವ ರೆಪ್ಲ್‌ನಲ್ಲಿ ಅದನ್ನು ಕರೆಯುವುದು. ಸಿಗುವುದಿಲ್ಲ, ಏಕೆಂದರೆ ಜೆವಿಎಂ ತನ್ನ ಪಟ್ಟಿಯನ್ನು ಹುಟ್ಟುವಾಗಲೇ ಗಟ್ಟಿ ಮಾಡಿಕೊಂಡಿರುತ್ತದೆ. ಆ ಫೈಲನ್ನು ಓದಿದ್ದು ಲೈನಿಂಗೆನ್, ಅದೂ ಜೆವಿಎಂ ಎಬ್ಬಿಸುವ ಮುಂಚೆ. ಬಹಳ ವರ್ಷ ಇದಕ್ಕೆ ಮದ್ದು ಎಂದರೆ ರೆಪ್ಲ್ ಕೊಂದು ಮತ್ತೆ ಎಬ್ಬಿಸುವುದೊಂದೇ. ಓಡುತ್ತಿರುವಾಗಲೇ ಜಾರ್ ತುರುಕುವ ಲೈಬ್ರರಿಗಳು ಇದ್ದವು, ಆದರೆ ಜಾವಾ 9 ತನ್ನ ಕ್ಲಾಸ್‌ಲೋಡರ್‌ನ ಒಳರಚನೆ ಬದಲಿಸಿದಾಗ ಅವುಗಳಲ್ಲಿ ಕೆಲವು ಮುಗ್ಗರಿಸಿದವು. 2024ರ ಸೆಪ್ಟೆಂಬರ್‌ನಲ್ಲಿ ಬಂದ ಕ್ಲೋಜರ್ 1.12 ರೆಪ್ಲ್‌ನಲ್ಲೇ ಲೈಬ್ರರಿ ಸೇರಿಸುವ ಫಂಕ್ಷನ್ ಕೊಟ್ಟಿತು. ಒಳ್ಳೆಯದೇ. ಆದರೆ ಅದು ಸೇರಿಸುತ್ತದೆಯೇ ಹೊರತು, ಅದಾಗಲೇ ಇರುವ ಹಳೆಯ ಆವೃತ್ತಿಯನ್ನು ತೆಗೆದು ಹೊಸದನ್ನು ಕೂರಿಸುವುದಿಲ್ಲ.

ಮೂರನೆಯದರಲ್ಲಿ ತಪ್ಪು ಕ್ಲಾಸ್‌ಪಾತ್‌ನದಲ್ಲ, ಅದರ ದಾಯಾದಿಯದು. ಮ್ಯಾಕ್‌ನಲ್ಲಿ ಟರ್ಮಿನಲ್ ತೆರೆದು ಲೈನಿಂಗೆನ್ ಕರೆದರೆ ಓಡುತ್ತದೆ. ಡಾಕ್‌ನಲ್ಲಿರುವ ಚಿತ್ರ ಒತ್ತಿ ತೆರೆದ ಈಮ್ಯಾಕ್ಸ್ ಮಾತ್ರ ಅಂಥ ಪ್ರೋಗ್ರಾಂ ತನ್ನ ಎಕ್ಸೆಕ್-ಪಾತ್‌ನಲ್ಲಿಲ್ಲ ಎನ್ನುತ್ತದೆ. ಡಾಕ್‌ನಿಂದ ಎದ್ದ ಪ್ರೋಗ್ರಾಮಿಗೆ ಶೆಲ್ ಸಂರಚನೆಯಲ್ಲಿ ಬರೆದಿಟ್ಟ ಪಾತ್, ಅಂದರೆ ಪ್ರೋಗ್ರಾಂಗಳನ್ನು ಹುಡುಕಬೇಕಾದ ಫೋಲ್ಡರ್‌ಗಳ ಪಟ್ಟಿ, ಸಿಕ್ಕಿರುವುದಿಲ್ಲ. ಇದೊಂದಕ್ಕಾಗಿಯೇ, ಶೆಲ್ ಕೇಳಿ ಪಾತ್ ತರಿಸಿಕೊಳ್ಳುವ ಪುಟ್ಟ ಪ್ಯಾಕೇಜೊಂದು ಈಮ್ಯಾಕ್ಸ್‌ಗಿದೆ. ಮ್ಯಾಕ್ ಬಳಸುವವರು ಮೊದಲ ದಿನವೇ ಹಾಕಿಕೊಳ್ಳುವುದು ಲೇಸು.

ಇವುಗಳನ್ನೆಲ್ಲ ತಪ್ಪಿಸಲು ಅಲ್ಲವಾದರೂ ಕಣ್ಣಿಗೆ ಕಾಣಿಸಲು ನಾನು ಸೂಚಿಸುವ ಅಭ್ಯಾಸ ಒಂದಿದೆ. ಸೈಡರ್‌ನಲ್ಲೂ ಕಾಲ್ವಾದಲ್ಲೂ ‘ಜ್ಯಾಕ್-ಇನ್’ ಎಂಬ ಆದೇಶವಿದೆ: ಒಂದೇ ಏಟಿಗೆ ಪ್ರಾಜೆಕ್ಟ್ ಯಾವ ಬಗೆಯದೆಂದು ಗುರುತಿಸಿ, ತನಗೆ ಬೇಕಾದ ಸಹಾಯಕ ಜಾರ್‌ಗಳನ್ನೂ ಕ್ಲಾಸ್‌ಪಾತ್‌ಗೆ ಸೇರಿಸಿ, ಜೆವಿಎಂ ಎಬ್ಬಿಸಿ, ಸಂಪರ್ಕ ಕಟ್ಟಿಕೊಳ್ಳುತ್ತದೆ. ಅನುಕೂಲವೇ. ಆದರೆ ಕಲಿಯುವ ಮೊದಲ ದಿನಗಳಲ್ಲಿ ಇದನ್ನು ಬಳಸಬೇಡಿ. ಟರ್ಮಿನಲ್‌ನಲ್ಲಿ ಎನ್‌ರೆಪ್ಲ್ ಸರ್ವರನ್ನು ನೀವೇ ಎಬ್ಬಿಸಿ. ಅದು ತನ್ನ ಪೋರ್ಟ್ ಸಂಖ್ಯೆಯನ್ನು ಹೇಳಿ, ಪ್ರಾಜೆಕ್ಟಿನ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ಪುಟ್ಟ ಫೈಲಿನಲ್ಲೂ ಬರೆದಿಡುತ್ತದೆ. ಆಮೇಲೆ ಎಡಿಟರ್‌ನಿಂದ ‘ಕನೆಕ್ಟ್’ ಎಂದು ಹೇಳಿ. ಎರಡು ತುಂಡು, ಎರಡು ಕಿಟಕಿ. ಯಾವುದು ಎಡಿಟರ್‌ನ ತಪ್ಪು, ಯಾವುದು ಜೆವಿಎಂನದು ಎಂಬುದು ತಾನಾಗಿ ಬೇರೆಯಾಗಿ ಕಾಣುತ್ತದೆ. ಜ್ಯಾಕ್-ಇನ್‌ಗೆ ಆಮೇಲೆ ಹೋಗಬಹುದು. ಆಗಲೂ ಅದು ಯಾವ ಆದೇಶ ಓಡಿಸಿತೆಂದು ತೋರಿಸುವ ಉದ್ದನೆಯ ಸಾಲನ್ನು ಒಮ್ಮೆ ಓದುವುದು ಒಳ್ಳೆಯದು.

2017ರ ಡಿಸೆಂಬರ್‌ನಲ್ಲಿ ಕ್ಲೋಜರ್ 1.9 ಬಂದಾಗ ಕ್ಲಾಸ್‌ಪಾತ್ ಮತ್ತೆ ಮುನ್ನೆಲೆಗೆ ಬಂತು. ಅಲ್ಲಿಯವರೆಗೆ ಕ್ಲೋಜರ್ ಜಾರ್ ಒಂದನ್ನೇ ಜಾವಾಕ್ಕೆ ಕೊಟ್ಟರೆ ರೆಪ್ಲ್ ಏಳುತ್ತಿತ್ತು. ಹಳೆಯ ಪುಸ್ತಕಗಳೆಲ್ಲ ಹೇಳುವುದು ಅದನ್ನೇ. 1.9ರಿಂದ ಸ್ಪೆಕ್ ಎಂಬ ಲೈಬ್ರರಿಗೆ ಸಂಬಂಧಿಸಿದ ಇನ್ನೆರಡು ಜಾರ್ ಇಲ್ಲದೆ ಏಳುವುದಿಲ್ಲ. ಹಳೆಯ ಪಾಠ ಹಿಡಿದು ಹೊಸ ಜಾರ್ ಓಡಿಸಿದವರಿಗೆ ಸಿಗುವುದು, ಮತ್ತೆ ಅದೇ, ‘ಕುಡ್ ನಾಟ್ ಲೊಕೇಟ್’. ಈ ತೊಂದರೆಗೆ ಉತ್ತರವಾಗಿಯೇ ಕ್ಲೋಜರ್ ತಂಡ ತನ್ನದೇ ಆದೇಶ ಸಲಕರಣೆ ಕೊಟ್ಟಿತು: ‘ಸಿಎಲ್‌ಜೆ’ ಎಂಬ ಆದೇಶ, ಜೊತೆಗೆ ಡೆಪ್ಸ್.ಇಡಿಎನ್ ಎಂಬ ಫೈಲ್. ಇದರ ಹಿಂದಿನ ವಿಚಾರ ನನಗೆ ಹಿಡಿಸುತ್ತದೆ. ಲೈನಿಂಗೆನ್ ಪ್ರಾಜೆಕ್ಟ್ ಸೃಷ್ಟಿಸುತ್ತದೆ, ಪರೀಕ್ಷೆ ನಡೆಸುತ್ತದೆ, ಜಾರ್ ಕಟ್ಟುತ್ತದೆ, ಏರಿಸುತ್ತದೆ. ಹೊಸ ಸಲಕರಣೆಯ ತಿರುಳು ಎರಡೇ ಕೆಲಸ: ಫೈಲ್ ಓದಿ ಕ್ಲಾಸ್‌ಪಾತ್ ಕಟ್ಟುವುದು, ಜಾವಾ ಓಡಿಸುವುದು. ‘ಹೈಫನ್ ಎಸ್‌ಪಾತ್’ ಎಂದು ಕೇಳಿದರೆ ಕಟ್ಟಿದ ಪಟ್ಟಿಯನ್ನು ಹಾಗೇ ಕಣ್ಣೆದುರು ಸುರಿಯುತ್ತದೆ. ‘ಲೈನ್ ಕ್ಲಾಸ್‌ಪಾತ್’ ಎಂಬ ಆದೇಶ ಮಾಡುವುದೂ ಅದನ್ನೇ. ಎಡಿಟರ್ ಬಗ್ಗೆ ಯಾರಾದರೂ ದೂರಿದರೆ ನಾನು ಮೊದಲು ಕೇಳುವುದು ಈ ಪಟ್ಟಿಯನ್ನು.

ಎರಡು ಸಲಕರಣೆಗಳ ನಡುವೆ ಒಂದು ಸೂಕ್ಷ್ಮ ವ್ಯತ್ಯಾಸವಿದೆ, ಒಂದರಿಂದ ಇನ್ನೊಂದಕ್ಕೆ ಹೋಗುವವರು ಎಡವುವುದು ಅಲ್ಲಿ. ನಿಮ್ಮ ಎರಡು ಲೈಬ್ರರಿಗಳು ಮೂರನೆಯದೊಂದರ ಬೇರೆ ಬೇರೆ ಆವೃತ್ತಿ ಕೇಳಿದರೆ, ಮೇವನ್ ಸಂಪ್ರದಾಯದ ಲೈನಿಂಗೆನ್ ನಿಮ್ಮ ಪ್ರಾಜೆಕ್ಟಿಗೆ ಹತ್ತಿರದ ಕೊಂಬೆಯಲ್ಲಿರುವುದನ್ನು ಆರಿಸುತ್ತದೆ. ಡೆಪ್ಸ್ ಹೊಸದನ್ನು ಆರಿಸುತ್ತದೆ. ಹಾಗಾಗಿ ಅದೇ ಪಟ್ಟಿ ನಕಲು ಮಾಡಿದರೂ ಕ್ಲಾಸ್‌ಪಾತ್ ಬೇರೆಯಾಗಬಹುದು. ಕೇಳಿದ ಮೆಥಡ್ ಇಲ್ಲ ಎಂದು ಓಡುವಾಗ ದೂರು ಬಂದರೆ ಎರಡರಲ್ಲೂ ಅವಲಂಬನೆಯ ಮರ ತೋರಿಸುವ ಆದೇಶವಿದೆ, ಅಲ್ಲಿ ನೋಡಬೇಕು. ಹೊಸದಾಗಿ ಶುರು ಮಾಡುವವರಿಗೆ ನನ್ನ ಮತ ಡೆಪ್ಸ್ ಕಡೆಗೆ. ನಡೆಯುತ್ತಿರುವ ಲೈನಿಂಗೆನ್ ಪ್ರಾಜೆಕ್ಟನ್ನು ಫ್ಯಾಷನ್ನಿಗಾಗಿ ಬದಲಿಸುವುದರಲ್ಲಿ ಅರ್ಥವಿಲ್ಲ. ವಿಂಡೋಸ್‌ನವರಿಗೆ ಮಾತ್ರ ಒಂದು ಎಚ್ಚರಿಕೆ: ಪವರ್‌ಶೆಲ್‌ನಲ್ಲಿ ಉದ್ಧರಣ ಚಿಹ್ನೆಗಳ ಕಾಟದಿಂದ ಡೆಪ್ಸ್ ಆದೇಶಗಳು ಮುರಿಯುತ್ತವೆ. ವಿಂಡೋಸ್‌ನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಒಳಗೆ ಕೆಲಸ ಮಾಡಿದರೆ ನೆಮ್ಮದಿ.

ಆವರಣಗಳ ಬಗ್ಗೆ ಎರಡು ಮಾತು ಹೇಳದಿದ್ದರೆ ಎಡಿಟರ್ ಸಮೀಕ್ಷೆ ಮುಗಿಯದು. ಕೈಯಿಂದ ಆವರಣ ಎಣಿಸುವುದು ಯಾರಿಗೂ ಬೇಡ. 2005ರ ಸುಮಾರಿಗೆ ಬಂದ ಪ್ಯಾರೆಡಿಟ್ ಆವರಣ ಒಂಟಿಯಾಗಲು ಬಿಡುವುದೇ ಇಲ್ಲ, ಮೊದಲ ಕೆಲವು ದಿನ ಅದು ಕೈಕಟ್ಟಿಹಾಕಿದಂತೆ ಅನ್ನಿಸುತ್ತದೆ. 2015ರಲ್ಲಿ ಬಂದ ಪ್ಯಾರಿನ್ಫರ್ ಸಾಲಿನ ಒಳಸರಿತ ನೋಡಿ ಆವರಣ ತಾನೇ ಹಾಕುತ್ತದೆ. ಪೈಥಾನ್‌ನಿಂದ ಬಂದವರಿಗೆ ಅದು ಬೇಗ ಒಗ್ಗುತ್ತದೆ. ಇವೆರಡೂ ಒಂದಲ್ಲ ಒಂದು ರೂಪದಲ್ಲಿ ಹೆಸರಾದ ಎಡಿಟರ್‌ಗಳಲ್ಲೆಲ್ಲ ಸಿಗುತ್ತವೆ. ಹಾಗೆಯೇ ಕ್ಲೋಜರ್-ಎಲ್‌ಎಸ್‌ಪಿ ಮತ್ತು ಸಿಎಲ್‌ಜೆ-ಕಾಂಡೊ ಬಂದ ಮೇಲೆ ತಪ್ಪು ತೋರಿಸುವುದು, ಹೆಸರು ಬದಲಿಸುವುದು ಯಾವ ಎಡಿಟರ್‌ಗೂ ವಿಶೇಷ ಸವಲತ್ತಾಗಿ ಉಳಿದಿಲ್ಲ. ಹಾಗಾದರೆ ಯಾವ ಎಡಿಟರ್? ನಿಮ್ಮ ಬೆರಳುಗಳಿಗೆ ಈಗಾಗಲೇ ಗೊತ್ತಿರುವುದು. ಈಮ್ಯಾಕ್ಸ್ ಕಲಿಯುವ ಆಸೆಯಿದ್ದರೆ ಕಲಿಯಿರಿ, ಜೀವಮಾನಕ್ಕೆ ಬರುತ್ತದೆ. ಆದರೆ ಕ್ಲೋಜರನ್ನೂ ಅದನ್ನೂ ಒಂದೇ ತಿಂಗಳಲ್ಲಿ ಹೊತ್ತುಕೊಳ್ಳಬೇಡಿ.

ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವವರಿಗೆ, ನಿಘಂಟೋ ಪದಪಟ್ಟಿಯೋ ಸಂಸ್ಕರಿಸುವವರಿಗೆ, ಇನ್ನೊಂದು ಸುತ್ತು ಬಾಕಿಯಿದೆ. ಕ್ಲೋಜರ್ ತನ್ನ ಮೂಲ ಫೈಲುಗಳನ್ನು ಯುಟಿಎಫ್-8 ಎಂದೇ ಓದುತ್ತದೆ, ಆ ಮಟ್ಟಿಗೆ ಚಿಂತೆಯಿಲ್ಲ. ಆದರೆ ಹಳೆಯ ವಿಂಡೋಸ್‌ನ ನೋಟ್‌ಪ್ಯಾಡ್ ಯುಟಿಎಫ್-8 ಫೈಲಿನ ತಲೆಗೆ ಕಣ್ಣಿಗೆ ಕಾಣದ ಗುರುತೊಂದನ್ನು ಅಂಟಿಸುತ್ತಿತ್ತು. ಕ್ಲೋಜರ್ ಅದನ್ನು ಒಂದು ಹೆಸರೆಂದು ಓದಿ, ಇಂಥ ಹೆಸರು ಗೊತ್ತಿಲ್ಲ ಎಂದು ದೂರುತ್ತದೆ. ದೂರಿನಲ್ಲಿ ಹೆಸರಿರಬೇಕಾದ ಜಾಗ ಮಾತ್ರ ಖಾಲಿ! ‘ಕನ್ನಡ’ ಎಂಬ ಪದದ ಉದ್ದ ಕೇಳಿದರೆ ಮೂರು ಎನ್ನದೆ ಐದು ಎನ್ನುವುದೂ ತಪ್ಪಲ್ಲ. ಜಾವಾ ಎಣಿಸುವುದು ಸಂಕೇತಗಳನ್ನು, ಒತ್ತಕ್ಷರದ ಒಳಗಿನ ಹಲಂತಕ್ಕೂ ಲೆಕ್ಕದಲ್ಲಿ ಪಾಲಿದೆ.

ಹೆಚ್ಚು ದಿಕ್ಕು ತಪ್ಪಿಸುವುದು ಮುದ್ರಣ. ವಿಂಡೋಸ್‌ನಲ್ಲಿ ಜಾವಾ 17 ಅಥವಾ ಅದಕ್ಕಿಂತ ಹಳೆಯದಿದ್ದರೆ ಟರ್ಮಿನಲ್‌ನ ರೆಪ್ಲ್‌ನಲ್ಲಿ ಕನ್ನಡ ಪದ ಮುದ್ರಿಸಿದಾಗ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುವುದು ಸಾಮಾನ್ಯ. ಅದೇ ಪ್ರೋಗ್ರಾಂ ಸೈಡರ್‌ನಲ್ಲಿ ಅಥವಾ ಕಾಲ್ವಾದಲ್ಲಿ ಕನ್ನಡವನ್ನು ಚೊಕ್ಕವಾಗಿ ತೋರಿಸುತ್ತದೆ. ಟರ್ಮಿನಲ್‌ಗೆ ಹೋಗುವ ಅಕ್ಷರಗಳು ವ್ಯವಸ್ಥೆಯ ಹಳೆಯ ಸಂಕೇತಪಟ್ಟಿಯ ಮೂಲಕ ಹಾದುಹೋಗುತ್ತವೆ, ಅದರಲ್ಲಿ ಕನ್ನಡವಿಲ್ಲ. ಎಡಿಟರ್‌ಗೆ ಹೋಗುವುದನ್ನು ಎನ್‌ರೆಪ್ಲ್ ಯುಟಿಎಫ್-8ರಲ್ಲೇ ಕಳಿಸುತ್ತದೆ. 2022ರಲ್ಲಿ ಬಂದ ಜಾವಾ 18ರಿಂದ ಯುಟಿಎಫ್-8 ಸಹಜ ಆಯ್ಕೆಯಾಗಿದೆ. ಹಳೆಯ ಜಾವಾದಲ್ಲೇ ಇರಬೇಕಾದವರು ಜೆವಿಎಂ ಎಬ್ಬಿಸುವ ಆದೇಶದಲ್ಲಿ ಫೈಲ್-ಎನ್‌ಕೋಡಿಂಗ್ ಆಯ್ಕೆಯನ್ನು ಯುಟಿಎಫ್-8 ಎಂದು ಕೊಡಬೇಕು. ಲೈನಿಂಗೆನ್‌ನಲ್ಲೂ ಡೆಪ್ಸ್‌ನಲ್ಲೂ ಜೆವಿಎಂ ಆಯ್ಕೆಗಳನ್ನು ಬರೆಯಲು ಜಾಗವಿದೆ, ಆ ಸಾಲನ್ನು ಅಲ್ಲೇ ಬರೆಯಿರಿ, ಎಡಿಟರ್‌ನ ಸಂರಚನೆಯಲ್ಲಲ್ಲ. ಟರ್ಮಿನಲ್‌ನ ಕೋಡ್‌ಪೇಜನ್ನು 65001ಕ್ಕೆ ಬದಲಿಸಬೇಕಾದ್ದು ಯಾವ ಜಾವಾ ಇದ್ದರೂ ತಪ್ಪದು. ಇಷ್ಟಾದರೂ ಟರ್ಮಿನಲ್‌ಗಳು ಒತ್ತಕ್ಷರಗಳನ್ನು ಚೌಕಕ್ಕೊಂದರಂತೆ ಒಡೆದು ತೋರಿಸುವುದುಂಟು. ಈಮ್ಯಾಕ್ಸ್ 2020ರ 27ನೆಯ ಆವೃತ್ತಿಯಿಂದ ಅಕ್ಷರ ಜೋಡಣೆಗೆ ಹಾರ್ಫ್‌ಬಝ್ ಬಳಸುವುದರಿಂದ ಅಲ್ಲಿ ಆ ತಾಪತ್ರಯವಿಲ್ಲ, ಕನ್ನಡ ಟೈಪ್ ಮಾಡಲು ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ ಅದರೊಳಗೇ ಇದೆ.